ಹಾಯಿ ಕಿರಿದು ಮಾಡುವ ಹಗ್ಗ

ಗಾಳಿ ಬಂದಾಗ ತೂರಿಕೊ ಎಂಬುದು ಗದ್ದೆಯವರ ಗಾದೆ. ಕಣದಲ್ಲಿ ಮೊರ ಹಿಡಿದು ನಿಂತವರಿಗೆ ಗಾಳಿ ಸ್ವಲ್ಪ ಜೋರಾದರೆ ಒಳ್ಳೆಯದೇ, ಜಳ್ಳು ಬೇಗ ಹಾರಿಹೋಗ್ತದೆ. ಕಡಲಿಗೆ ಹೋಗುವವರಿಗೆ ಈ ಗಾದೆ ಅರ್ಧ ಮಾತ್ರ ಸರಿ. ಗಾಳಿ ಬಂದಾಗ ಹಾಯಿ ಬಿಚ್ಚಬೇಕು, ನಿಜ. ಆದರೆ ಅದೇ ಗಾಳಿ ಜೋರಾದಾಗ ಬಿಚ್ಚಿದ ಹಾಯಿಯನ್ನು ಕಿರಿದು ಮಾಡಲಿಕ್ಕೂ ಗೊತ್ತಿರಬೇಕು. ಈ ಎರಡನೆಯ ವಿದ್ಯೆಯೇ ಕಷ್ಟದ್ದು. ಅದಕ್ಕೆ ಬರೇ ಧೈರ್ಯ ಇದ್ದರೆ ಸಾಲದು, ಹಗ್ಗ ಸರಿಯಾಗಿರಬೇಕು.

ನಮ್ಮ ಕಾಸರಗೋಡಿನ ಚರಿತ್ರೆ ಎಂದ ಕೂಡಲೇ ಬೇಕಲ ಕೋಟೆ, ಚಂದ್ರಗಿರಿ ಕೋಟೆ, ಆರಿಕ್ಕಾಡಿ ಕೋಟೆ ಎಂದು ಶುರುಮಾಡುವುದು ವಾಡಿಕೆ. ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗುವುದೂ ಅಲ್ಲಿಗೇ. ಆದರೆ ಆ ಕೋಟೆಗಳ ಬುಡದಲ್ಲಿ ಹೊಳೆಬಾಯಿ ಉಂಟು, ಹೊಳೆಬಾಯಿಗೆ ಬಂದು ಹೋಗುತ್ತಿದ್ದ ಮಂಜಿ, ಪಡವು, ಓಡಗಳು ಇದ್ದವು ಎಂಬುದನ್ನು ಒಂದು ಸಾಲಿನಲ್ಲಿ ಹೇಳಿ ಮುಗಿಸುತ್ತೇವೆ. ಆ ದೋಣಿಗಳನ್ನು ಹಿಡಿದು ನಿಲ್ಲಿಸಿದ ಹಗ್ಗದ ಸುದ್ದಿಯಂತೂ ಯಾರೂ ಎತ್ತುವುದಿಲ್ಲ. ಕಾರಣ ದೊಡ್ಡದೇನಲ್ಲ. ಕೆಂಪುಕಲ್ಲು ಮುನ್ನೂರು ವರ್ಷ ಉಳೀತದೆ, ತೆಂಗಿನ ಕತ್ತ ಉಳಿಯುವುದಿಲ್ಲ.

ಹಾಯಿ ಯಾಕೆ ಕಿರಿದಾಗಬೇಕು ಎಂಬುದನ್ನು ಮೊದಲು ನೋಡುವ. ವಿಜ್ಞಾನದ ಮಾಷ್ಟ್ರುಗಳಿಗೆ ಇದು ತರಗತಿಯಲ್ಲಿ ಹೇಳಲಿಕ್ಕೆ ಒಳ್ಳೆಯ ಉದಾಹರಣೆ. ಗಾಳಿಯ ವೇಗ ಎರಡು ಪಾಲಾದರೆ ಹಾಯಿಯ ಮೇಲೆ ಬೀಳುವ ಒತ್ತಡ ಎರಡು ಪಾಲಲ್ಲ, ನಾಲ್ಕು ಪಾಲು. ಮೂರು ಪಾಲಾದರೆ ಒಂಬತ್ತು ಪಾಲು. ಬೆಳಿಗ್ಗೆ ಗಂಟೆಗೆ 15 ಕಿಲೋಮೀಟರಿನ ಗಾಳಿಗೆ ಹಿತವಾಗಿ ಉಬ್ಬಿ ನಿಂತ ಹಾಯಿ, ಮಧ್ಯಾಹ್ನ 30 ಕಿಲೋಮೀಟರಿನ ಗಾಳಿ ಬಂದಾಗ ನಾಲ್ಕು ಪಟ್ಟು ಜಗ್ಗುತ್ತದೆ. ದೋಣಿ ಒಂದು ಮಗ್ಗುಲಿಗೆ ವಾಲ್ತದೆ, ಚುಕ್ಕಾಣಿ ಮಾತು ಕೇಳುವುದಿಲ್ಲ, ಕೂವೆಮರ ನರಳಲಿಕ್ಕೆ ಶುರುಮಾಡ್ತದೆ. ಗಾಳಿಯನ್ನು ಕಡಿಮೆ ಮಾಡುವುದು ನಮ್ಮ ಕೈಯಲ್ಲಿ ಇಲ್ಲ. ಬಟ್ಟೆಯನ್ನು ಕಡಿಮೆ ಮಾಡುವುದು ಉಂಟು.

ಅದನ್ನು ಮಾಡುವ ಕ್ರಮ ಪ್ರಪಂಚದಲ್ಲಿ ಮುಖ್ಯವಾಗಿ ಮೂರು. ದೊಡ್ಡ ಹಾಯಿ ಇಳಿಸಿ ಸಣ್ಣದನ್ನು ಏರಿಸುವುದು ಒಂದು. ಇದ್ದ ಹಾಯಿಯದ್ದೇ ಒಂದು ಭಾಗವನ್ನು ಮಡಚಿ, ಅದರಲ್ಲೇ ಹೊಲಿದಿಟ್ಟ ಸಣ್ಣ ದಾರಗಳಿಂದ ಕಟ್ಟುವುದು ಇನ್ನೊಂದು. ಯುರೋಪಿನ ಹಡಗುಗಳಲ್ಲಿ ಅದೇ ನಡೆಯುತ್ತಿತ್ತು. ಮೂರನೆಯದು ಚಾಪೆ ಸುತ್ತಿದ ಹಾಗೆ ಹಾಯಿಯನ್ನು ಒಂದು ಕೋಲಿಗೋ ಸರಿಗೆಗೋ ಸುತ್ತಿಬಿಡುವುದು. ಈಗಿನ ಹಾಯಿದೋಣಿಗಳ ಮುಂಹಾಯಿಯನ್ನು, ಅಂದರೆ ಕೂವೆಮರಕ್ಕಿಂತ ಮುಂದೆ, ಮಲಯಾಳದವರು ಅಣಿಯಂ ಎನ್ನುವ ಮುಂತುದಿಯ ಮೇಲೆ ನಿಲ್ಲುವ ಮೂರುಮೂಲೆಯ ಹಾಯಿಯನ್ನು, ಕಿರಿದು ಮಾಡುವುದು ಈ ಮೂರನೆಯ ಕ್ರಮದಲ್ಲಿ. ಅದಕ್ಕೊಂದು ಸಪೂರ ಹಗ್ಗ ಉಂಟು. ಆ ಹಗ್ಗವನ್ನು ಹೇಗೆ ಆರಿಸಬೇಕು, ಹೇಗೆ ಹಾಯಿಸಬೇಕು ಎಂಬಲ್ಲಿಗೆ ಆಮೇಲೆ ಬರ್ತೇನೆ. ಮೊದಲು ನಮ್ಮ ಕಡಲಿನಲ್ಲಿ ಆ ಹಗ್ಗ ಯಾಕೆ ಇರಲಿಲ್ಲ ಎಂಬುದನ್ನು ಹೇಳಬೇಕು.

ನಮ್ಮ ಕರಾವಳಿಯ ದೊಡ್ಡ ಸರಕುದೋಣಿಗೆ ಮಂಗಳೂರು ಬಂದರಿನಲ್ಲಿ ಮಂಜಿ ಎಂದೇ ಹೆಸರು. ಉತ್ತರದ ಕಡೆಯವರು ಪತ್ತೇಮಾರಿ ಎನ್ನುತ್ತಿದ್ದದ್ದೂ ಇದೇ ಜಾತಿಯದ್ದು. ಒಂದೋ ಎರಡೋ ಕೂವೆ, ಅದಕ್ಕೆ ಓರೆಯಾಗಿ ತೂಗುಹಾಕಿದ ಉದ್ದದ ಅಡ್ಡಮರ, ಆ ಅಡ್ಡಮರದಿಂದ ಇಳಿಬಿದ್ದ ಮೂರುಮೂಲೆಯ ಹಾಯಿ. ದೊಡ್ಡವುಗಳಿಗೆ ಮುಂತುದಿಯಿಂದ ಆಚೆಗೆ ಚಾಚಿದ ಒಂದು ಕೋಲು, ಅದರ ಮೇಲೆ ಒಂದು ಸಣ್ಣ ಮುಂಹಾಯಿ. ಗಾಳಿ ಏರಿದರೆ ಸುಲಭದಲ್ಲಿ ಕಳಚಿ ಇಡಬಹುದಾದದ್ದು ಈ ಮುಂಹಾಯಿ. ಅಷ್ಟಕ್ಕೆ ಸಾಲದಿದ್ದರೆ ದೊಡ್ಡ ಹಾಯಿಗೇ ಕೈ ಹಾಕಬೇಕು. ಅಡ್ಡಮರವನ್ನು ಹಾಯಿ ಸಮೇತ ಕೆಳಗೆ ಇಳಿಸುವುದು, ದೊಡ್ಡ ಬಟ್ಟೆ ಬಿಚ್ಚುವುದು, ಸಣ್ಣ ಬಟ್ಟೆ ಕಟ್ಟುವುದು, ಮತ್ತೆ ಅಷ್ಟು ಭಾರವನ್ನು ಮೇಲಕ್ಕೆ ಎಳೆಯುವುದು. ಎತ್ತರದ ಅಲೆಯಲ್ಲಿ, ಕತ್ತಲೆಯಲ್ಲಿ ಈ ಕೆಲಸ ಎಂಥದ್ದು ಎಂದು ಯೋಚಿಸಿ.

ಆಸ್ಟ್ರೇಲಿಯದ ಅಲನ್ ವಿಲಿಯರ್ಸ್ ಎಂಬ ನಾವಿಕ 1938-39ರಲ್ಲಿ ಕುವೈತಿನ ಒಂದು ಹಾಯಿಹಡಗಿನಲ್ಲಿ ಏಡನ್ನಿನಿಂದ ಆಫ್ರಿಕದ ಜಾಂಜಿಬಾರ್ ತನಕ ಹೋಗಿ ಮತ್ತೆ ಕುವೈತಿಗೆ ಬಂದು ಪುಸ್ತಕ ಬರೆದರು. ಆ ಹಡಗುಗಳೂ ನಮ್ಮ ಮಂಜಿಯ ನೆಂಟರೇ; ಮಲೆಯಾಳದ ಮರದಲ್ಲಿ ಕಟ್ಟಿದವು, ನಮ್ಮ ಬಂದರುಗಳಿಗೆ ಬಂದು ಹೋಗುತ್ತಿದ್ದವು. ಅವುಗಳಲ್ಲಿ ಹಾಯಿಯನ್ನು ಮಡಚಿ ಕಟ್ಟುವ ಪದ್ಧತಿ ಇರಲಿಲ್ಲ, ಗಾಳಿಗೆ ತಕ್ಕ ಬೇರೆ ಬೇರೆ ಅಳತೆಯ ಹಾಯಿಗಳನ್ನು ಇಟ್ಟುಕೊಂಡು ಬದಲಾಯಿಸುತ್ತಿದ್ದರು ಎಂಬುದನ್ನು ಅವರು ಕಣ್ಣಾರೆ ಕಂಡು ದಾಖಲಿಸಿದ್ದಾರೆ. ಇದನ್ನು ಓದಿ ಕೆಲವರು ನಮ್ಮ ಕಡೆಯ ನಾವಿಕರಿಗೆ ಹಾಯಿ ಮಡಚುವ ಬುದ್ಧಿ ಹೊಳೆಯಲಿಲ್ಲ ಎನ್ನುವುದುಂಟು. ನನಗೆ ಹಾಗೆ ಕಾಣುವುದಿಲ್ಲ. ಒಂದು ಹಡಗಿನಲ್ಲಿ ಹತ್ತಾರು ಖಲಾಸಿಗಳು ಇರುವಾಗ, ಅವರ ಕೂಲಿ ಅಷ್ಟೇನೂ ಭಾರವಲ್ಲದಾಗ, ಕೈಗಳನ್ನು ಉಳಿಸುವ ಉಪಕರಣವನ್ನು ಯಾರು ಕಂಡುಹಿಡಿಯುತ್ತಾರೆ? ತಂಡೇಲ ಕೂಗಿದರೆ ಎಲ್ಲರೂ ಹಗ್ಗಕ್ಕೆ ಕೈ ಕೊಡ್ತಾರೆ. ಅಲ್ಲಿಗೆ ಮುಗೀತು. ಹಗ್ಗದ ಆಯ್ಕೆ ಎಂದರೆ ಕೊನೆಗೆ ಕೈಗಳ ಲೆಕ್ಕ.

ಕೈ ಮಾತ್ರವಲ್ಲ, ಹಗ್ಗವೂ ಅಗ್ಗವಾಗಿತ್ತು. ಯಾಕೆ ಅಗ್ಗವಾಗಿತ್ತು ಎಂಬುದು ನಮ್ಮ ಊರಿನದ್ದೇ ಕತೆ.

ಸುಮಾರು 1516ರ ಹೊತ್ತಿಗೆ ದುವಾರ್ತೆ ಬಾರ್ಬೋಸ ಎಂಬ ಪೋರ್ಚುಗೀಸನು ಹಿಂದೂ ಮಹಾಸಾಗರದ ಬಂದರುಗಳ ವಿವರ ಬರೆದಿಟ್ಟ. ಅದರಲ್ಲಿ ಕುಂಬಳೆಯ ಹೆಸರು ಉಂಟು. ದೊಡ್ಡ ಅರಮನೆ, ಮುತ್ತು ರತ್ನ ಅಂತ ಅಲ್ಲ, ಅಕ್ಕಿಯ ಸುದ್ದಿ. ಕುಂಬಳೆಯಲ್ಲಿ ಕಪ್ಪು ಅಕ್ಕಿ, ಗುಣದಲ್ಲಿ ಅಷ್ಟಕ್ಕಷ್ಟೆ, ಧಾರಾಳ ಬೆಳೀತದೆ. ಮಲೆಯಾಳದವರು ಬಂದು ಬಡವರಿಗೆ ಮಾರಲಿಕ್ಕೆಂದು ಕೊಂಡುಹೋಗ್ತಾರೆ. ಮಾಲ್ದೀವು ದ್ವೀಪಗಳಿಗೂ ಅದು ಹೋಗ್ತದೆ, ಅಲ್ಲಿಯವರು ಬಡವರಾದ್ದರಿಂದ ಅಗ್ಗದ ಅಕ್ಕಿಯೇ ಅವರಿಗೆ ಆಗಬೇಕು, ಅದರ ಬದಲಿಗೆ ಅವರು ಹಡಗಿನ ಹಗ್ಗಕ್ಕೆ ಬೇಕಾದ ತೆಂಗಿನ ನಾರಿನ ಹುರಿ ಕೊಡ್ತಾರೆ ಎಂಬ ಅರ್ಥದಲ್ಲಿ ಆತ ಬರೆದಿದ್ದಾನೆ. ಐನೂರು ವರ್ಷದ ಹಿಂದಿನ ಒಂದು ಸಣ್ಣ ಟಿಪ್ಪಣಿ. ಆದರೆ ಕುಂಬಳೆ, ಮೊಗ್ರಾಲು, ಶಿರಿಯದ ಬೈಲುಗಳಲ್ಲಿ ಬೆಳೆದ ಭತ್ತ ಕಡಲು ದಾಟಿ ಹಗ್ಗವಾಗಿ ವಾಪಸು ಬರ್ತಿತ್ತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಸಿಕ್ಕಿಲ್ಲ. ನಮ್ಮಲ್ಲೇ ಬೇಕಾದಷ್ಟು ತೆಂಗು ಇತ್ತಲ್ಲ ಎಂದು ಕೇಳಬಹುದು. ಇತ್ತು. ಆದರೆ ಸಿಪ್ಪೆ ಕೊಳೆಹಾಕಿ, ಬಡಿದು, ನಾರು ಬಿಡಿಸಿ, ಹುರಿ ಹೊಸೆಯುವ ಕೆಲಸಕ್ಕೆ ತಗಲುವ ದಿನಗಳನ್ನು ಲೆಕ್ಕ ಹಾಕಿದರೆ, ಗದ್ದೆ ಇದ್ದವರು ಗದ್ದೆ ನೋಡಿಕೊಂಡರು, ಗದ್ದೆ ಇಲ್ಲದವರು ಹುರಿ ಹೊಸೆದರು ಎಂದೇ ನನ್ನ ಊಹೆ.

ಅದಕ್ಕೂ ಮೊದಲು, 14ನೆಯ ಶತಮಾನದಲ್ಲಿ, ಮೊರೊಕ್ಕೊದ ಇಬ್ನ್ ಬತೂತ ಈ ದಾರಿಯಲ್ಲೇ ಹೋದವನು. ಆತ ಮಂಜರೂರು ಎಂದು ಕರೆದ ಮಂಗಳೂರಿನಿಂದ ಹೀಲಿ ಎಂದು ಕರೆದ ಏಳಿಮಲೆಗೆ ಪ್ರಯಾಣ ಮಾಡಿದ. ನಡುವೆ ಇರುವುದು ನಮ್ಮ ಮಂಜೇಶ್ವರ, ಕುಂಬಳೆ, ಕಾಸರಗೋಡು, ಬೇಕಲ, ಹೊಸದುರ್ಗದ ಕಡಲತೀರವೇ. ತೆಂಗಿನ ನಾರಿನ ಹುರಿಯಿಂದ ಈ ಕಡಲಿನ ಹಡಗುಗಳ ಹಲಗೆಗಳನ್ನು ಹೊಲಿಯುತ್ತಾರೆ, ಕಬ್ಬಿಣದ ಮೊಳೆ ಹೊಡೆದ ಹಡಗು ಬಂಡೆಗೆ ಬಡಿದರೆ ಒಡೆದುಹೋಗ್ತದೆ, ಹುರಿಯಲ್ಲಿ ಹೊಲಿದದ್ದು ಸ್ವಲ್ಪ ಬಗ್ಗಿ ಉಳಿದುಕೊಳ್ತದೆ ಎಂಬುದನ್ನು ಆತ ಗಮನಿಸಿದ್ದ. 1834ರಲ್ಲಿ ಜಾನ್ ಎಡೈ ಎಂಬ ಇಂಗ್ಲಿಷ್ ಹಡಗು ಕಟ್ಟುವ ಮೇಸ್ತ್ರಿ ಭಾರತ ಮತ್ತು ಸಿಂಹಳದ ದೋಣಿಗಳ ಬಗ್ಗೆ ಬರೆದ ದೊಡ್ಡ ಲೇಖನದಲ್ಲೂ ಮಂಗಳೂರಿನ ಮಂಜಿ ಬರುತ್ತದೆ: ಹೊಳೆಬಾಯಿ ಆಳವಿಲ್ಲದ್ದರಿಂದ ತಳ ಚಪ್ಪಟೆ, ಹಲಗೆಗಳು ಕತ್ತದ ಹುರಿಯಲ್ಲಿ ಹೊಲಿದದ್ದು. ಈ ಹೊಲಿಗೆಯ ವಿದ್ಯೆ ಪೂರ್ತಿ ಸತ್ತಿಲ್ಲ. 2025ರ ಮೇ 21ರಂದು ಕಾರವಾರದಲ್ಲಿ ನೌಕಾಪಡೆಗೆ ಸೇರಿದ ಕೌಂಡಿನ್ಯ ಎಂಬ ಹಾಯಿಹಡಗನ್ನು ಹೊಲಿದೇ ಕಟ್ಟಿದ್ದು, ಕತ್ತದ ಹಗ್ಗದಿಂದಲೇ. ಹೊಲಿಗೆಯ ಮೇಸ್ತ್ರಿ ಕೇರಳದ ಬಾಬು ಶಂಕರನ್.

ಮತ್ತೆ ಅಕ್ಕಿಯ ವಿಷಯಕ್ಕೆ ಬರುವ. ಲಕ್ಷದ್ವೀಪದಲ್ಲಿ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ಉತ್ತರದ ದ್ವೀಪಗಳಿಗೆ ಒಟ್ಟಾಗಿ ಅಮಿನಿದಿವಿ ಎನ್ನುತ್ತಿದ್ದರು. ಇವು ಕಣ್ಣೂರಿನ ಅರಕ್ಕಲ್ ಮನೆತನದ ಕೈಯಲ್ಲಿದ್ದವು. ಆ ಮನೆತನ ಹುರಿಯ ವ್ಯಾಪಾರವನ್ನು ತನ್ನ ಏಕಸ್ವಾಮ್ಯ ಮಾಡಿಕೊಂಡಿತು. ದ್ವೀಪದವರು ಹುರಿಯನ್ನು ಬೇರೆ ಯಾರಿಗೂ ಮಾರಬಾರದು, ಇಟ್ಟ ಬೆಲೆಗೆ ಕೊಡಬೇಕು. 1780ರ ದಶಕದಲ್ಲಿ ಆ ಜನ ತಡೆಯಲಾರದೆ ಎದ್ದು ಮಂಗಳೂರಿಗೆ ಬಂದು ಟಿಪ್ಪು ಸುಲ್ತಾನನ ಆಶ್ರಯ ಕೇಳಿದರು, ದ್ವೀಪಗಳು ಮೈಸೂರಿಗೆ ಸೇರಿದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪೆನಿಯ ಪಾಲಾದವು. ಥಾಮಸ್ ಮನ್ರೋ ಮೊದಲ ಕಲೆಕ್ಟರನಾಗಿ ಬಂದ ನಮ್ಮ ಕೆನರಾ ಜಿಲ್ಲೆಗೇ ಅಮಿನಿದಿವಿ ಸೇರಿತು. ಮುಂದೆ ದಕ್ಷಿಣ ಕನ್ನಡ ಜಿಲ್ಲೆ ಎಂದಾದಾಗ ಕಾಸರಗೋಡು ತಾಲೂಕೂ ಅಮಿನಿದಿವಿಯೂ ಒಂದೇ ಕಲೆಕ್ಟರರ ಕೆಳಗೆ. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು, ಅವರು ಅದೇ ದಿನ ಲಕ್ಷದ್ವೀಪ ಕೇಂದ್ರಾಡಳಿತಕ್ಕೆ ಸೇರಿದರು. ಒಂದೂವರೆ ಶತಮಾನ ಒಂದೇ ಜಿಲ್ಲೆಯವರಾಗಿದ್ದವರು ಒಂದೇ ದಿನ ಬೇರೆ ಬೇರೆಯಾದೆವು ಎಂಬುದು ನಮ್ಮಲ್ಲಿ ಎಷ್ಟು ಜನರಿಗೆ ನೆನಪಿದೆಯೋ!

ರಾಜ್ಯ ಬದಲಾದರೂ ಹುರಿಯ ಲೆಕ್ಕ ಬದಲಾಗಲಿಲ್ಲ. ಕಂಪೆನಿ ಸರಕಾರವೂ ಏಕಸ್ವಾಮ್ಯ ಮುಂದುವರಿಸಿತು. ಮಳೆಗಾಲ ಕಳೆದು ಕಡಲು ತೆರೆದ ಮೇಲೆ ದ್ವೀಪದ ಓಡಗಳು ಹುರಿ ಹೇರಿಕೊಂಡು ಮಂಗಳೂರು ಬಂದರಿಗೆ ಬರುವುದು, ಸರಕಾರ ನಿಗದಿಮಾಡಿದ ಬೆಲೆಗೆ ಹುರಿ ತೂಗಿ ಕೊಡುವುದು, ಬದಲಿಗೆ ನಿಗದಿಯಾದ ಬೆಲೆಯ ಅಕ್ಕಿ ಪಡೆಯುವುದು. ಹವಳದ ದ್ವೀಪದಲ್ಲಿ ಗದ್ದೆ ಇಲ್ಲ. ಅಕ್ಕಿ ಬೇಕಾದರೆ ಕಡಲು ದಾಟಿ ಬರಬೇಕು. ಹುರಿಯ ಬೆಲೆ ಇಡುವವನೂ ಅವನೇ, ಅಕ್ಕಿಯ ಬೆಲೆ ಇಡುವವನೂ ಅವನೇ ಆದರೆ ತಕ್ಕಡಿಯ ಯಾವ ಬದಿ ಏರ್ತದೆ ಎಂದು ಹೇಳಬೇಕಾಗಿಲ್ಲ. ಸಿಪ್ಪೆಯನ್ನು ಕಡಲಂಚಿನ ಹೊಂಡದಲ್ಲಿ ಹೂತು ಸುಮಾರು ಒಂದು ವರ್ಷ ಕೊಳೆಹಾಕಬೇಕು, ಆಮೇಲೆ ತೆಗೆದು ಕೊಡತಿಯಲ್ಲಿ ಬಡಿಯಬೇಕು, ಒಣಗಿಸಬೇಕು, ಅಂಗೈಯಲ್ಲಿ ಹೊಸೆಯಬೇಕು. ಬಡಿಯುವವರು, ಹೊಸೆಯುವವರು ಹೆಂಗಸರು. ಓಡ ಹತ್ತಿ ಮಂಗಳೂರಿಗೆ ಬಂದು ತಕ್ಕಡಿಯ ಎದುರು ನಿಲ್ಲುವವರು ಗಂಡಸರು. ದಾಖಲೆಗಳಲ್ಲಿ ಕಾಣುವುದು ತಕ್ಕಡಿ ಮಾತ್ರ. ನಮ್ಮ ಬಂದರುಗಳಲ್ಲಿ ಹಗ್ಗ ಅಗ್ಗವಾಗಿ ಸಿಕ್ಕಿದ್ದರೆ ಅದರ ಬಾಕಿ ಹಣವನ್ನು ಆ ಹೆಂಗಸರು ಕೊಟ್ಟಿದ್ದಾರೆ ಎಂದು ನಾನು ತಿಳಿದಿದ್ದೇನೆ.

ಇನ್ನು ಕತ್ತದ ಹಗ್ಗದ ಗುಣ. ಬಾವಿಯಿಂದ ನೀರು ಸೇದಿದವರಿಗೆ ಹೊಸತಾಗಿ ಹೇಳುವಂಥದ್ದು ಕಡಿಮೆ. ಒದ್ದೆಯಾದರೆ ಕೊಳೆಯುವುದಿಲ್ಲ, ಉಪ್ಪುನೀರಿಗೆ ಹೆದರುವುದಿಲ್ಲ, ನೀರಿನಲ್ಲಿ ತೇಲ್ತದೆ, ಜಗ್ಗಿದರೆ ರಬ್ಬರಿನ ಹಾಗೆ ಸ್ವಲ್ಪ ಉದ್ದವಾಗಿ ಮತ್ತೆ ಹಿಂದೆ ಬರ್ತದೆ. ಲಂಗರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಅಲೆ ಬಂದು ದೋಣಿಯನ್ನು ಎತ್ತಿ ಒಗೆದಾಗ ಹಗ್ಗ ಜಗ್ಗಿ ಪೆಟ್ಟನ್ನು ತಾನು ನುಂಗಿಕೊಳ್ತದೆ. ದೋಷವೂ ಅಲ್ಲೇ ಉಂಟು. ಸೆಣಬಿನ ಜಾತಿಯ ಹಗ್ಗಕ್ಕೆ, ಮನಿಲಾ ಹಗ್ಗಕ್ಕೆ ಹೋಲಿಸಿದರೆ ಅದೇ ದಪ್ಪದ ಕತ್ತಕ್ಕೆ ಬಲ ಕಡಿಮೆ. ಆದ್ದರಿಂದ ಅದೇ ಭಾರಕ್ಕೆ ಹೆಚ್ಚು ದಪ್ಪದ ಹಗ್ಗ ಬೇಕು. ದಪ್ಪ ಹಗ್ಗ ಎಳೆಯಲಿಕ್ಕೆ ಹೆಚ್ಚು ಜನ ಬೇಕು. ಜನ ಇದ್ದರು. ಹೀಗೆ ಅಗ್ಗದ ಹಗ್ಗವೂ ಅಗ್ಗದ ಕೈಗಳೂ ಒಂದಕ್ಕೊಂದು ಹೊಂದಿಕೊಂಡು ಮಂಜಿಯ ಹಾಯಿ ಶತಮಾನಗಟ್ಟಲೆ ಏರಿ ಇಳಿದು ನಡೆಯಿತು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ನಿನ ಹಂಚಿನ ಕಾರ್ಖಾನೆ ಶುರುವಾದ ಮೇಲೆ ಹಂಚು ಕಡಲದಾರಿಯಲ್ಲಿ ಊರೂರಿಗೆ ಹೋದದ್ದೂ ಈ ಹಾಯಿಗಳ ಮೇಲೆಯೇ. 1907ರಲ್ಲಿ ರೈಲು ಮಂಗಳೂರು ಮುಟ್ಟಿತು, ಆಮೇಲೆ ಎಂಜಿನು ಬಂತು, ಹಾಯಿ ಹೋಯಿತು. ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಜಲ್ಲಿ, ತರಕಾರಿ, ಸಾಮಾನು ಹೇರಿಕೊಂಡು ಹೋಗುವ ಮರದ ದೋಣಿಗೆ ಈಗಲೂ ಮಂಜಿ ಎಂದೇ ಹೆಸರು. ಹೆಸರು ಉಳಿಯಿತು, ಹಾಯಿ ಉಳಿಯಲಿಲ್ಲ.

ಕೈ ಉಳಿಸಬೇಕು ಎಂಬ ಚಿಂತೆ ಮೊದಲು ಬಂದದ್ದು ಕೂಲಿ ದುಬಾರಿಯಾದ ಕಡೆ. 1850ರಲ್ಲಿ ಇಂಗ್ಲೆಂಡಿನ ಕನಿಂಗ್‌ಹ್ಯಾಮ್ ಎಂಬವರು ಹಡಗಿನ ಮೇಲುಹಾಯಿಯನ್ನು ಅಡ್ಡಮರಕ್ಕೇ ಸುತ್ತುವ ಉಪಾಯಕ್ಕೆ ಹಕ್ಕು ಪಡೆದರು. ಅದರ ದೊಡ್ಡ ಲಾಭ ಎಂದರೆ ಬಿರುಗಾಳಿಯಲ್ಲಿ ನಾವಿಕರು ಕೂವೆಯ ತುದಿಗೆ ಹತ್ತಬೇಕಾಗಿಲ್ಲ, ಕೆಳಗಿನಿಂದಲೇ ಹಾಯಿ ಕಿರಿದಾಗ್ತದೆ. 20ನೆಯ ಶತಮಾನದ ಆರಂಭದಲ್ಲಿ ವೈಕ್‌ಹ್ಯಾಮ್-ಮಾರ್ಟಿನ್ ಎಂಬ ಹೆಸರಿನ ಉರುಳೆ ಬಂತು. ಅದು ಸಣ್ಣ ದೋಣಿಯ ಮುಂಹಾಯಿಗೆ. ಹಾಯಿಯ ಮುಂಚಿನ ಸರಿಗೆಯ ಬುಡದಲ್ಲಿ ಒಂದು ಉರುಳೆ, ಅದಕ್ಕೆ ಸುತ್ತಿದ ಹಗ್ಗ. ಹಗ್ಗ ಎಳೆದರೆ ಉರುಳೆ ತಿರುಗ್ತದೆ, ಹಾಯಿ ತನ್ನಷ್ಟಕ್ಕೇ ಸುತ್ತಿಕೊಳ್ತದೆ. ಆದರೆ ಅದರಲ್ಲಿ ಪೂರಾ ಬಿಚ್ಚಬಹುದು, ಪೂರಾ ಸುತ್ತಬಹುದು, ಅರ್ಧದಲ್ಲಿ ನಿಲ್ಲಿಸಿ ಜೋರು ಗಾಳಿಗೆ ಓಡಿಸಲಿಕ್ಕೆ ಅದು ತಕ್ಕದ್ದಾಗಿರಲಿಲ್ಲ. ಸರಿಗೆಯ ಸುತ್ತ ಗಟ್ಟಿಯಾದ ಲೋಹದ ಕೊಳವೆ ಹಾಕಿ, ಕೊಳವೆಯ ಗಾಡಿಯಲ್ಲಿ ಹಾಯಿಯ ಅಂಚನ್ನು ಸಿಕ್ಕಿಸಿ, ಬೇಕಾದಲ್ಲಿಗೆ ಸುತ್ತಿ ನಿಲ್ಲಿಸುವ ಏರ್ಪಾಡು ಸಾಮಾನ್ಯವಾದದ್ದು 1970-80ರ ದಶಕಗಳಲ್ಲಿ.

ಈಗ ಆ ಹಗ್ಗದ ಆಯ್ಕೆ. ಇದನ್ನು ಸ್ವಲ್ಪ ವಿವರವಾಗಿ ಹೇಳ್ತೇನೆ, ಯಾಕೆಂದರೆ ಇಡೀ ಏರ್ಪಾಡಿನಲ್ಲಿ ಅಗ್ಗದ ವಸ್ತು ಇದೇ, ಮತ್ತು ಇಡೀ ಏರ್ಪಾಡು ನಿಂತಿರುವುದೂ ಇದರ ಮೇಲೆ. ಹಾಯಿ ಅರ್ಧ ಸುತ್ತಿದ ಸ್ಥಿತಿಯಲ್ಲಿ ಗಾಳಿಗೆ ಒಂದೇ ಆಸೆ: ಸುತ್ತಿದ್ದನ್ನು ಬಿಚ್ಚುವುದು. ಅದನ್ನು ತಡೆದು ಹಿಡಿದಿರುವುದು ಈ ಒಂದೇ ಎಳೆ ಹಗ್ಗ. ಅದು ತುಂಡಾದರೆ ಹಾಯಿ ಒಂದು ಕ್ಷಣದಲ್ಲಿ ಪೂರಾ ಬಿಚ್ಚಿಕೊಳ್ತದೆ. ಹಗ್ಗ ತುಂಡಾಗುವುದು ತಂಗಾಳಿಯಲ್ಲಿ ಅಲ್ಲ, ಹಾಯಿ ಅತಿ ಸಣ್ಣದಿರಬೇಕಾದ ಹೊತ್ತಿನಲ್ಲೇ.

ಲೆಕ್ಕಕ್ಕೆ ಒಂದು ದೋಣಿ ಇಟ್ಟುಕೊಳ್ಳುವ. ಉದ್ದ 9 ಮೀಟರ್, ಮುಂಹಾಯಿಯ ಕೆಳಅಂಚು ನಾಲ್ಕೂವರೆ ಮೀಟರ್. ಸುತ್ತಿದ ಹಾಯಿಯ ಸರಾಸರಿ ಸುತ್ತಳತೆ 28 ಸೆಂಟಿಮೀಟರ್ ಎಂದಾದರೆ ಪೂರಾ ಸುತ್ತಲಿಕ್ಕೆ 16 ಸುತ್ತು ಬೇಕು. ಹಾಯಿಯ ಹಿಂದಿನ ಮೂಲೆಯಲ್ಲಿ ಇರುವ ಹಗ್ಗಗಳೂ ಅದರ ಮೇಲೆ ಒಂದೆರಡು ಸುತ್ತು ಬಂದು ಬಿಗಿಯಬೇಕು, ಇಲ್ಲದಿದ್ದರೆ ರಾತ್ರಿ ಗಾಳಿಗೆ ಮೂಲೆ ಬಿಚ್ಚಿ ಹಾರಾಡ್ತದೆ, ಅದಕ್ಕೆ 2. ಎಲ್ಲ ಸುತ್ತಿದ ಮೇಲೂ ಉರುಳೆಯಲ್ಲಿ 2 ಸುತ್ತು ಹಗ್ಗ ಉಳಿದಿರಬೇಕು, ಅಂದರೆ ಭಾರ ತುದಿಯ ಗಂಟಿನ ಮೇಲೆ ಬೀಳಬಾರದು. ಒಟ್ಟು 20 ಸುತ್ತು. ಉರುಳೆಯಲ್ಲಿ ಒಂದು ಸುತ್ತಿಗೆ ಸರಾಸರಿ 31 ಸೆಂಟಿಮೀಟರ್ ಹಗ್ಗ ಹೋದರೆ 20 ಸುತ್ತಿಗೆ 6 ಮೀಟರಿಗೆ ಸ್ವಲ್ಪ ಮೇಲೆ. ಮುಂತುದಿಯಿಂದ ಚುಕ್ಕಾಣಿಯವನ ತನಕ 9 ಮೀಟರ್, ಕೈಯಲ್ಲಿ ಹಿಡಿಯಲಿಕ್ಕೆ 2 ಮೀಟರ್. 17 ಮೀಟರ್ ಬೇಕಾಯಿತು, 18 ತರಬೇಕು. ಏಳನೆಯ ತರಗತಿಯ ಮಕ್ಕಳು ಮಾಡಬಹುದಾದ ಲೆಕ್ಕ ಇದು.

ದಪ್ಪ ಎಷ್ಟು? ಉರುಳೆಯ ಒಳ ಅಗಲ 6 ಸೆಂಟಿಮೀಟರ್ ಎನ್ನಿ. 8 ಮಿಲಿಮೀಟರಿನ ಹಗ್ಗವಾದರೆ ಒಂದು ಸಾಲಿಗೆ 7 ಸುತ್ತು, ಮೂರು ಸಾಲಿನಲ್ಲಿ 20 ಸುತ್ತೂ ಕೂತಿತು. ಅದೇ 2 ಸೆಂಟಿಮೀಟರ್ ದಪ್ಪದ ಕತ್ತದ ಹಗ್ಗ ಹಾಕಿದರೆ ಸಾಲಿಗೆ 3 ಸುತ್ತು, 7 ಸಾಲು, ಅಂದರೆ 14 ಸೆಂಟಿಮೀಟರ್ ದಪ್ಪದ ಪಿಂಡಿ. ಹಾಯಿ ಅರ್ಧ ಬಿಚ್ಚುವಷ್ಟರಲ್ಲಿ ಉರುಳೆ ತುಂಬಿ ಸಿಕ್ಕಿಕೊಳ್ತದೆ. ಅಂತೂ ಕತ್ತ ಇರುವ ತನಕ ಈ ಉರುಳೆಯ ಉಪಾಯ ನಡೆಯುವಂಥದ್ದೇ ಅಲ್ಲ. ಹಾಗೆಂದು ತೀರ ಸಪೂರವೂ ಆಗಬಾರದು. 8 ಮಿಲಿಮೀಟರಿಗಿಂತ ಸಪೂರದ ಹಗ್ಗಕ್ಕೆ ಬಲ ಸಾಕಷ್ಟು ಇದ್ದರೂ ಒದ್ದೆ ಕೈಗೆ ಹಿಡಿತ ಸಿಗುವುದಿಲ್ಲ, ಅಂಗೈ ಕೊಯ್ಯುತ್ತದೆ. ಬಾವಿಗೆ ಸಪೂರ ಪ್ಲಾಸ್ಟಿಕ್ ಹಗ್ಗ ಹಾಕಿ ಸೇದಿದವರಿಗೆ ಇದು ಗೊತ್ತುಂಟು. ಎರಡು ಪದರ ಇರುವ ಹೆಣಿಗೆಯ ಹಗ್ಗದಲ್ಲಿ ಒಂದು ಜಾಣ ಉಪಾಯ ಮಾಡ್ತಾರೆ: ಉರುಳೆಯೊಳಗೆ ಕೂರುವ ಭಾಗದಿಂದ ಮಾತ್ರ ಒಳತಿರುಳನ್ನು ಎಳೆದು ತೆಗೆಯುವುದು. ಅಲ್ಲಿ ಹಗ್ಗ ಚಪ್ಪಟೆ, ಸಪೂರ. ಕೈಗೆ ಬರುವಲ್ಲಿ ದಪ್ಪ. ಉಳಿದ ಹೊರಪದರಕ್ಕೇ ಸಾಕಷ್ಟು ಬಲ ಇದ್ದರೆ ಮಾತ್ರ ಇದು ಆದೀತು.

ಯಾವ ನೂಲಿನದ್ದು? ನೈಲಾನ್ ಬೇಡ. ಅದು ಜಗ್ಗುತ್ತದೆ; ಗಾಳಿ ಎಳೆದಾಗೆಲ್ಲ ಹಾಯಿ ಒಂದು ಸುತ್ತು ಬಿಚ್ಚಿ ಮತ್ತೆ ಸುತ್ತಿಕೊಂಡು ಬಟ್ಟೆ ಸವೆಯುತ್ತದೆ. ಹಿಂದೆ ಲಂಗರಿನಲ್ಲಿ ಕತ್ತಕ್ಕಿದ್ದ ಸ್ಥಾನ ಈಗ ನೈಲಾನಿಗೆ, ಅದು ಅಲ್ಲೇ ಇರಲಿ. ಮುಂಹಾಯಿಗೆ ಪಾಲಿಯೆಸ್ಟರ್ ಹೆಣಿಗೆ ಸಾಕು. ಡೈನೀಮಾ ಎಂಬ ಹೊಸ ನೂಲು ಇನ್ನೂ ಗಟ್ಟಿ, ಜಗ್ಗುವುದೇ ಇಲ್ಲ ಎನ್ನಬಹುದು, ಆದರೆ ನುಣುಪು ಹೆಚ್ಚು, ಬೆಲೆಯೂ ಹೆಚ್ಚು. ಸಾಧಾರಣ ದೋಣಿಗೆ ಅದಕ್ಕೆ ದುಡ್ಡು ಸುರಿಯುವುದು ನನ್ನ ದೃಷ್ಟಿಯಲ್ಲಿ ಬರೇ ಷೋಕಿ.

ಹಾಯಿಸುವ ಕ್ರಮದಲ್ಲಿ ಮುಖ್ಯವಾದದ್ದು ಒಂದೇ. ಉರುಳೆಗೆ ಹೋಗುವ ಮೊದಲಿನ ಕೊನೆಯ ರಾಟೆ ಎಲ್ಲಿದೆ ಎಂಬುದು. ಹಗ್ಗ ಸರಿಗೆಗೆ ಲಂಬವಾಗಿ, ಉರುಳೆಯ ನಡುಮಟ್ಟಕ್ಕೆ ನೇರವಾಗಿ ಹೊಗಬೇಕು. ಸ್ವಲ್ಪ ಮೇಲೆ ಕೆಳಗೆ ಆದರೆ ಹಗ್ಗ ಒಂದೇ ಬದಿಯಲ್ಲಿ ಗುಡ್ಡೆ ಬಿದ್ದು ಸುತ್ತಿನೊಳಗೆ ಸುತ್ತು ಹೊಕ್ಕಿ ಕಚ್ಚಿಕೊಳ್ತದೆ. ಅಲ್ಲಿಂದ ದೋಣಿಯ ಅಂಚಿನ ಗೂಟಗಳ ಬುಡದಲ್ಲಿ ಸಣ್ಣ ರಾಟೆಗಳಿಗೆ ಸೇರಿಸಿ, ಎಲ್ಲಿಯೂ ಚೂಪಾದ ತಿರುವು ಬಾರದ ಹಾಗೆ ಹಿಂದಕ್ಕೆ ತರಬೇಕು. ಹಾಯಿ ಬಿಚ್ಚುವಾಗ ಹಗ್ಗವನ್ನು ಸುಮ್ಮನೆ ಬಿಟ್ಟುಬಿಡಬಾರದು. ಕೈಯಲ್ಲಿ ಹದವಾಗಿ ಹಿಡಿದು ಬಿಡುತ್ತಾ ಹೋದರೆ ಉರುಳೆಯಲ್ಲಿ ಸುತ್ತು ಬಿಗಿಯಾಗಿ ಕೂರ್ತದೆ. ಹೆಚ್ಚಿನ ಕಡೆ ಹಗ್ಗ ಸಿಕ್ಕಿಕೊಳ್ಳುವುದು ಗಾಳಿಯಿಂದಲ್ಲ, ಬಿಚ್ಚಿದ ದಿನದ ಉದಾಸೀನದಿಂದ. ಎಳೆದಾಗ ಬಾರದಿದ್ದರೆ ಯಂತ್ರಕ್ಕೆ ಸುತ್ತಿ ಜೋರು ಮಾಡುವುದು ದೊಡ್ಡ ತಪ್ಪು. ಮೇಲೆ ಹಾಯಿ ಏರಿಸುವ ಹಗ್ಗ ಸರಿಗೆಗೆ ಸುತ್ತಿಕೊಂಡಿದೆಯಾ, ಕೆಳಗೆ ಉರುಳೆ ಕಚ್ಚಿದೆಯಾ ಎಂದು ಕಣ್ಣಿಟ್ಟು ನೋಡಬೇಕು. ವರ್ಷಕ್ಕೊಮ್ಮೆ ಹಗ್ಗವನ್ನು ಬಿಚ್ಚಿ ಕೈಯಲ್ಲಿ ಸವರಿ, ಬಿಸಿಲಿಗೆ ಗಡುಸಾದ ಜಾಗ, ರಾಟೆಗೆ ಉಜ್ಜಿ ನಾರು ಎದ್ದ ಜಾಗ ಹುಡುಕಿ, ತಲೆ-ಬುಡ ತಿರುಗಿಸಿ ಹಾಕಿದರೆ ಬಾಳಿಕೆ ಹೆಚ್ಚು.

ಈ ವಿದ್ಯೆ ನಮಗೆ ದೂರದ್ದು ಎಂದು ತಿಳಿಯಬೇಕಾಗಿಲ್ಲ. ಇಬ್ನ್ ಬತೂತನ ಹೀಲಿ ಅಂದೆನಲ್ಲ, ಅದೇ ಏಳಿಮಲೆಯಲ್ಲಿ 2009ರಲ್ಲಿ ಭಾರತೀಯ ನೌಕಾ ಅಕಾಡೆಮಿ ಉದ್ಘಾಟನೆಯಾಯಿತು. ನಮ್ಮ ಜಿಲ್ಲೆಯ ದಕ್ಷಿಣದ ಗಡಿ ದಾಟಿದರೆ ಆ ಬೆಟ್ಟ. ಅದರ ಪಕ್ಕದ ಎಟ್ಟಿಕುಳಂ ಕಡಲಿನಲ್ಲಿ ನೌಕಾಪಡೆಯ ವಿದ್ಯಾರ್ಥಿಗಳು ಈಗಲೂ ಹಾಯಿ ಏರಿಸಿ ಇಳಿಸಿ ಕಲಿಯುತ್ತಾರೆ. ಎಂಜಿನು ಇರುವ ಕಾಲದಲ್ಲಿ ಹಾಯಿ ಯಾಕೆ ಎಂದು ಕೇಳುವವರಿಗೆ, ಗಾಳಿಯ ಭಾಷೆ ಕಲಿಯಲಿಕ್ಕೆ ಅದಕ್ಕಿಂತ ಬೇರೆ ಶಾಲೆ ಇಲ್ಲ ಎಂಬುದೇ ಉತ್ತರ.

ನೌಕಾಪಡೆಯಲ್ಲಿದ್ದ ಮಲೆಯಾಳಿ ಅಭಿಲಾಷ್ ಟೋಮಿ 2012ರ ನವೆಂಬರಿನಲ್ಲಿ ಮುಂಬಯಿಯಿಂದ ಒಬ್ಬರೇ ಹೊರಟು, ಎಲ್ಲಿಯೂ ನಿಲ್ಲದೆ ಲೋಕ ಸುತ್ತಿ 2013ರ ಮಾರ್ಚ್ ಕೊನೆಗೆ ಮುಂಬಯಿಗೇ ಬಂದರು. 2018ರಲ್ಲಿ ಗೋಲ್ಡನ್ ಗ್ಲೋಬ್ ಎಂಬ ಏಕಾಂಗಿ ಪಂದ್ಯದಲ್ಲಿ ಬಿರುಗಾಳಿಗೆ ಸಿಕ್ಕಿ ಬೆನ್ನಿಗೆ ಪೆಟ್ಟಾಗಿ, ಹಿಂದೂ ಮಹಾಸಾಗರದ ನಡುವಿನಿಂದ ಅವರನ್ನು ಎತ್ತಿ ತರಬೇಕಾಯಿತು. 2022ರಲ್ಲಿ ಮತ್ತೆ ಅದೇ ಪಂದ್ಯಕ್ಕೆ ಹೋಗಿ 2023ರ ಏಪ್ರಿಲ್ 29ರಂದು ಎರಡನೆಯವರಾಗಿ ದಡ ಮುಟ್ಟಿದರು. ಆ ಪಂದ್ಯದಲ್ಲಿ ಒಂದು ನಿಯಮ ಉಂಟು: ಹಿಂದಿನ ಕಾಲದ ಸಲಕರಣೆ ಮಾತ್ರ, ಡೈನೀಮಾದಂಥ ಹೊಸ ನೂಲಿನ ಹಗ್ಗಕ್ಕೆ ಅವಕಾಶ ಇಲ್ಲ. ಲೋಕ ಸುತ್ತಲಿಕ್ಕೆ ಸಾಧಾರಣ ಹಗ್ಗ ಸಾಕು, ಅದನ್ನು ದಿನಾ ನೋಡಿಕೊಳ್ಳಬೇಕು ಎಂದು ಇದರಿಂದ ಗೊತ್ತಾಗ್ತದೆ.

2024ರ ಅಕ್ಟೋಬರ್ 2ರಂದು ಗೋವೆಯಿಂದ ಹೊರಟ ತಾರಿಣಿ ಎಂಬ ನೌಕಾಪಡೆಯ ಹಾಯಿದೋಣಿ ಫ್ರೀಮ್ಯಾಂಟಲ್, ಲಿಟ್ಟಲ್‌ಟನ್, ಪೋರ್ಟ್ ಸ್ಟಾನ್ಲಿ, ಕೇಪ್‌ಟೌನ್‌ಗಳಲ್ಲಿ ನಿಂತು ಲೋಕ ಸುತ್ತಿ 2025ರ ಮೇ 29ರಂದು ಗೋವೆಗೆ ಮರಳಿತು. ಉದ್ದ 56 ಅಡಿ. ಅಷ್ಟು ಉದ್ದದ ಮಂಜಿಗೆ ತಂಡೇಲನೂ ಒಂದು ಹಿಂಡು ಖಲಾಸಿಗಳೂ ಬೇಕಾಗ್ತಿತ್ತು. ತಾರಿಣಿಯಲ್ಲಿ ಇದ್ದವರು ಇಬ್ಬರು: ಕೋಜಿಕೋಡಿನ ದಿಲ್ನಾ ಮತ್ತು ಪುದುಚೇರಿಯ ರೂಪಾ. ಒಬ್ಬರು ಮಲಗಿದ್ದರೆ ಇನ್ನೊಬ್ಬರು ಎಚ್ಚರ ಇರಬೇಕು. ದಕ್ಷಿಣ ಸಾಗರದ ನಡುರಾತ್ರಿ ಗಾಳಿ ಏರಿದಾಗ ಹಗ್ಗದ ತುದಿಯಲ್ಲಿ ಇದ್ದದ್ದು ಹೆಚ್ಚಿನ ಸಲ ಎರಡೇ ಕೈ.